ಸುಮ್ನೆ ಸಾಕಿದ ಒಂಬತ್ತು ಮೇಕೆ

"ಮನೇಲಿ ಯಾರು ಯಾರು ಏನೇನು ಕೆಲಸ ಮಾಡ್ತೀರಿ, ಮೋಟಾರಣ್ಣ?"

"ಬೇಸಾಯ. ಅಷ್ಟೇ."

ಉತ್ತರ ಕೊಟ್ಟವನು ತಲೆ ಎತ್ತಲಿಲ್ಲ. ಜಗುಲಿಯ ಮೇಲೆ ಗೋಣಿಚೀಲ ಹಾಸಿಕೊಂಡು, ನೀರೆತ್ತುವ ಪಂಪಿನ ಮೋಟಾರನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಸುಟ್ಟ ಕಾಯಿಲ್ ತೆಗೆದ ಜಾಗಕ್ಕೆ ಹೊಸ ತಾಮ್ರದ ತಂತಿ ಕೂರಿಸುತ್ತಿದ್ದ. ಸುತ್ತಿನ ಲೆಕ್ಕ ತಪ್ಪಬಾರದೆಂದು ತುಟಿ ಅಲುಗುತ್ತಿತ್ತು. ಪಕ್ಕದಲ್ಲಿ ಇನ್ನೂ ಎರಡು ಮೋಟಾರುಗಳು ಸರದಿ ಕಾಯುತ್ತಿದ್ದವು. ಅವನಿಗೆ ಊರಿನವರು ಇಟ್ಟ ಹೆಸರೇ ಮೋಟಾರಣ್ಣ.

ಪ್ರಶ್ನೆ ಕೇಳಿದವಳು ಪಟ್ಟಿ ಅಕ್ಕ. ಹಿಂದಿನ ಬೀದಿಯವಳು. ವರ್ಷಕ್ಕೆ ಹದಿನೈದು ದಿನ ಮನೆಮನೆಗೆ ಹೋಗಿ ರೈತ ಕುಟುಂಬಗಳ ಪಟ್ಟಿ ಬರೆಯುತ್ತಾಳೆ. ಉಳಿದ ದಿನ ಬಟ್ಟೆ ಹೊಲಿಯುತ್ತಾಳೆ, ಅರ್ಧ ಎಕರೆಯಲ್ಲಿ ಮೆಣಸಿನಗಿಡ ಬೆಳೆಸುತ್ತಾಳೆ. ಅವಳು ಪೆನ್ನನ್ನು ಕಾಗದಕ್ಕೆ ಮುಟ್ಟಿಸಲಿಲ್ಲ.

"ಬೇಸಾಯ ಸರಿ. ಕೈಯಲ್ಲಿರೋದು ಏನಣ್ಣ?"

"ಇದಾ? ಇದು ಸುಮ್ನೆ. ಬಿಡುವಿದ್ದಾಗ."

"ಅತ್ತಿಗೆ?"

"ಅವಳೇನು ಮಾಡ್ತಾಳೆ, ಮನೇಲಿ ಸುಮ್ನೆ ಇರ್ತಾಳೆ."

ಅಷ್ಟರಲ್ಲಿ ಗೇಟು ತಳ್ಳಿಕೊಂಡು ಒಂದು ಹೊರೆ ಸೊಪ್ಪು ಒಳಗೆ ಬಂತು. ಸೊಪ್ಪಿನ ಕೆಳಗೆ ಅವನ ಹೆಂಡತಿ ಇದ್ದಳು. ಕತ್ತಿನವರೆಗೂ ಎಲೆ ಇಳಿಬಿದ್ದು ಮುಖವೇ ಕಾಣುತ್ತಿರಲಿಲ್ಲ. ಕೊಟ್ಟಿಗೆಯಿಂದ ಮೇಕೆಗಳು ಒಟ್ಟಿಗೆ ಕೂಗಿಕೊಂಡವು.

"ಸುಮ್ನೆ ಇರೋಳು ಬಂದಿದ್ದೀನಿ, ದಾರಿ ಬಿಡ್ರೀ. ಆ ಮೋಟಾರು ಸ್ವಲ್ಪ ಸರಿಸಿ. ಅದೂ ನನ್ನ ಹಾಗೆ ಸುಮ್ನೆ ಕೂತಿದೆ."

ಪಟ್ಟಿ ಅಕ್ಕ ನಗು ತಡೆದುಕೊಂಡು ಕೇಳಿದಳು. "ಅಜ್ಜಿ?"

"ಅಮ್ಮನಿಗೆ ವಯಸ್ಸಾಯ್ತು. ಕೂತಿರ್ತಾಳೆ ಅಂತ ಬರ್ಕೊಳ್ಳಿ."

"ಕೂತಿರ್ತೀನಿ, ಸುಳ್ಳಲ್ಲ," ಎಂದಿತು ಮನೆಯ ಪಕ್ಕದ ನೆರಳಿನಿಂದ ಒಂದು ದನಿ. "ಆದ್ರೆ ಯಾವುದರ ಮುಂದೆ ಕೂತಿರ್ತೀನಿ ಅನ್ನೋದನ್ನೂ ಹೇಳೋ."

ಅಜ್ಜಿಯ ಮುಂದೆ ಸಾಲಾಗಿ ಇಟ್ಟ ಟ್ರೇಗಳಲ್ಲಿ ಟೊಮೆಟೊ, ಬದನೆ, ಮೆಣಸಿನ ಸಸಿಗಳಿದ್ದವು. ಬೆರಳುದ್ದ ಬೆಳೆದವು ಒಂದು ಕಡೆ, ಈಗಷ್ಟೇ ತಲೆ ಎತ್ತಿದವು ಇನ್ನೊಂದು ಕಡೆ. ಈ ಬೀದಿಯ ಅರ್ಧಕ್ಕಿಂತ ಹೆಚ್ಚು ಹೊಲಗಳಿಗೆ ಸಸಿ ಹೋಗುವುದು ಇಲ್ಲಿಂದಲೇ.

ಹೋದ ವರ್ಷ ಇದೇ ಜಗುಲಿಯಲ್ಲಿ ಇದೇ ಪ್ರಶ್ನೆಗೆ ಇದೇ ಉತ್ತರ ಬಂದಿತ್ತು. ಆಗ ಪಟ್ಟಿ ಅಕ್ಕ ಹೊಸಬಳು. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಹೋಗಿದ್ದಳು. ಹೀಗೆ ಮನೆಮನೆಯಲ್ಲೂ "ಬೇಸಾಯ, ಅಷ್ಟೇ" ಎಂದು ಬರೆಸಿದ್ದರಿಂದ ಆ ಬೀದಿಯಲ್ಲಿ ಕಾಗದದ ಮೇಲೆ ಉಳಿದದ್ದು ಹನ್ನೊಂದು ಮೇಕೆ. ಕೊಟ್ಟಿಗೆಗಳಲ್ಲಿ ಇದ್ದದ್ದು ಅರವತ್ತಕ್ಕೂ ಹೆಚ್ಚು.

ಮೇಕೆ, ಕುರಿಗಳಿಗೆ ಪಿಪಿಆರ್ ಎಂಬ ರೋಗ ಬರುತ್ತದೆ. ಜ್ವರ, ಕಣ್ಣು-ಮೂಗಿನಲ್ಲಿ ಸುರಿತ, ಬಾಯಲ್ಲಿ ಹುಣ್ಣು, ಭೇದಿ. ಮನುಷ್ಯರಿಗೆ ಅಂಟುವುದಿಲ್ಲ. ಮೇಕೆಯಿಂದ ಮೇಕೆಗೆ ಬೇಗ ಹರಡುತ್ತದೆ, ಹಿಂಡಿನಲ್ಲಿ ಬಹಳಷ್ಟನ್ನು ಸಾಯಿಸುತ್ತದೆ. ಇದಕ್ಕೆ ಲಸಿಕೆ ಇದೆ. ಹೋದ ವರ್ಷ ಲಸಿಕೆಯ ವ್ಯಾನು ಬಂದಾಗ ಹನ್ನೊಂದು ಮೇಕೆಯ ಬೀದಿಗೆಂದು ಇಪ್ಪತ್ತೈದು ಡೋಸಿನ ಒಂದೇ ಬಾಟಲಿ ತಂದಿತ್ತು. ಮೋಟಾರಣ್ಣನ ಮನೆಗೆ ಎರಡು ಮನೆ ಇರುವಾಗ ಬಾಟಲಿ ಖಾಲಿಯಾಯಿತು. ಹೆಂಡತಿ ಮೇಕೆಗಳ ಹಗ್ಗ ಹಿಡಿದು ಬೀದಿಯಲ್ಲಿ ನಿಂತಿದ್ದಳು. ಮುಂದಿನ ತಿಂಗಳು ಅವಳ ಮೂರು ಮೇಕೆ ಸತ್ತವು. ಈಗ ಉಳಿದಿರುವುದು ಒಂಬತ್ತು.

"ಅಣ್ಣ, ಹೋದ ಸಲ ತಪ್ಪು ನಂದೂ ಇತ್ತು," ಎಂದಳು ಪಟ್ಟಿ ಅಕ್ಕ. "ಕಸುಬು ಏನು ಅಂತ ಕೇಳ್ದೆ, ನೀವು ಬೇಸಾಯ ಅಂದ್ರಿ, ಬರೆದೆ. ಈ ಸಲ ಬೇರೆ ಥರ ಕೇಳ್ತೀನಿ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದ್ರಿ?"

"ನಿನ್ನೆಯಾ? ಬದನೆಗೆ ನೀರು ಬಿಟ್ಟೆ."

"ಎಷ್ಟು ಹೊತ್ತು?"

"ಆರಕ್ಕೆ ಶುರು ಮಾಡ್ದೆ, ಎಂಟು ಗಂಟೆಗೆ ಮುಗೀತು. ಒಂದೂಕಾಲು ಎಕರೆಗೆ ಇನ್ನೆಷ್ಟು ಹೊತ್ತು ಬೇಕು?"

"ಆಮೇಲೆ?"

"ಆಮೇಲೆ ಸುಮ್ನೆ..."

"ಆ ‘ಸುಮ್ನೆ’ ತೆಗೆದು ಹೇಳಿ."

ಮೋಟಾರಣ್ಣ ತಂತಿ ಬಿಟ್ಟು ತಲೆ ಕೆರೆದುಕೊಂಡ. "ಒಂದು ಮೋಟಾರಿಗೆ ಕಾಯಿಲ್ ಕಟ್ಟಿದೆ. ಇನ್ನೊಂದರ ಬೇರಿಂಗ್ ಬದಲಾಯಿಸಿದೆ. ಅದನ್ನು ಹೋಗಿ ಕೂರಿಸಿ ಬಂದೆ. ಅಷ್ಟರಲ್ಲಿ ಸಂಜೆ ಆಯ್ತು."

"ಅಂದ್ರೆ ಹೊಲದಲ್ಲಿ ಎರಡು ಗಂಟೆ, ಮೋಟಾರಿನ ಮುಂದೆ ಎಂಟು ಗಂಟೆ."

"ನಿನ್ನೆ ಹಾಗಾಯ್ತು. ನಾಟಿ ಮಾಡೋವಾಗ ಬಾ, ಇಡೀ ದಿನ ಹೊಲದಲ್ಲೇ ಇರ್ತೀನಿ."

"ಅದನ್ನೂ ಬರೀತೀನಿ. ಇದನ್ನೂ ಬರೀತೀನಿ. ಅತ್ತಿಗೆ, ನೀವು?"

ಹೆಂಡತಿ ಸೊಪ್ಪು ಇಳಿಸಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಕೊಟ್ಟಿಗೆ ಗುಡಿಸಿದೆ. ಮೇಕೆ ಹೊಡ್ಕೊಂಡು ಕಾಲುವೆ ದಂಡೆಗೆ ಹೋದೆ. ಬಂದು ಅಡುಗೆ. ಮಧ್ಯಾಹ್ನ ಹೊಲಕ್ಕೆ ಹೋಗಿ ಬದನೆ ಕಿತ್ತೆ, ಬುಟ್ಟಿ ತುಂಬಿದೆ. ಮತ್ತೆ ಸೊಪ್ಪು. ಸಂಜೆ ಅತ್ತೆ ಟ್ರೇಗೆ ಮಣ್ಣು ಜರಡಿ ಹಿಡಿದೆ. ಸುಮ್ನೆ ಇದ್ದದ್ದು ಯಾವಾಗ ಅಂತ ನಿಮ್ಮಣ್ಣನ್ನೇ ಕೇಳು. ಗೊತ್ತಾದ್ರೆ ನನಗೂ ಹೇಳು."

"ಸುಮ್ನೆ ಬಾಯಿಗೆ ಬಂತು, ಅಂದೆ..." ಎಂದು ಶುರುಮಾಡಿದ ಮೋಟಾರಣ್ಣ ತಾನೇ ಆಡಿದ ಮಾತು ಕೇಳಿಸಿಕೊಂಡು ನಿಲ್ಲಿಸಿದ.

ಪಟ್ಟಿ ಅಕ್ಕ ಫಾರಂ ತಿರುಗಿಸಿದಳು. "ಮೇಕೆ ಎಷ್ಟು ಅಂತ ಬರೀಲಿ?"

"ಬರೀಬೇಡ," ಎಂದ ಮೋಟಾರಣ್ಣ.

ಹೆಂಡತಿಯ ಕೈ ಸೊಪ್ಪಿನ ಮೇಲೆ ನಿಂತಿತು. "ಯಾಕ್ರೀ?"

"ಟೀ ಅಂಗಡಿಯೋರು ಹೇಳ್ತಿದ್ರು. ಮೇಕೆ, ರಿಪೇರಿ, ಅದು ಇದು ಅಂತ ಬರೆಸಿದ್ರೆ ರೈತರು ಅನ್ನೋ ಹೆಸರು ಹೊಡೆದು ಹಾಕ್ತಾರಂತೆ. ಇದ್ದದ್ದೂ ಹೋಗುತ್ತಂತೆ."

"ಯಾರ ಹೆಸರು ಹೊಡೆದು ಹಾಕಿದ್ದಾರಣ್ಣ? ಒಬ್ಬರನ್ನು ತೋರಿಸಿ."

"ಯಾರದೋ ಹೋಯ್ತಂತೆ."

"ನನ್ನ ಫಾರಂನಲ್ಲಿ ‘ಅಂತೆ’ಗೆ ಸಾಲಿಲ್ಲ. ಇಲ್ಲಿ ನೋಡಿ, ನೀವೇ ಓದಿ."

ಮೋಟಾರಣ್ಣ ಕೈಗೆ ಅಂಟಿದ ಕಾಯಿಲಿನ ವಾರ್ನಿಷ್ ಲುಂಗಿಗೆ ಒರೆಸಿ ಕಾಗದ ತೆಗೆದುಕೊಂಡ. ‘ಮುಖ್ಯ ಕಸುಬು’ ಎಂದು ಒಂದು ಸಾಲು. ಅದರ ಕೆಳಗೆ ‘ಇತರ ಕಸುಬುಗಳು’ ಎಂದು ನಾಲ್ಕು ಸಾಲು. ಪ್ರತಿ ಸಾಲಿನ ಕೊನೆಗೆ ‘ಮಾಡುವವರ ಹೆಸರು’.

"ಬರೆಸಬಾರದು ಅಂತಿದ್ರೆ ನಾಲ್ಕು ಸಾಲು ಯಾಕೆ ಅಚ್ಚು ಹಾಕಿಸ್ತಿದ್ರು? ಮುಖ್ಯ ಕಸುಬು ಬೇಸಾಯ ಅಂತಾನೇ ಇರುತ್ತೆ. ನಿಮ್ಮ ಜಮೀನಿನ ಕಾಗದ ಬೇರೆ, ಈ ಪಟ್ಟಿ ಬೇರೆ. ನಾನು ಆಫೀಸಲ್ಲಿ ಎರಡು ಸಲ ಕೇಳಿ ಬಂದಿದ್ದೀನಿ. ಇನ್ನೊಂದು ಮಾತು. ಬರೆಸಿದ ಕೂಡಲೇ ಏನೋ ಸಿಕ್ಕಿಬಿಡುತ್ತೆ ಅಂತ ನಾನು ಹೇಳಲ್ಲ. ಬರೆಸದೆ ಇದ್ರೆ ಆ ಮೇಕೆ ಇದೆ ಅಂತಾನೇ ಯಾರಿಗೂ ಗೊತ್ತಾಗಲ್ಲ ಅಂತ ಮಾತ್ರ ಹೇಳ್ತೀನಿ. ಇಲ್ಲದ ಮೇಕೆಗೆ ಯಾರು ಲಸಿಕೆ ತರ್ತಾರೆ?"

ಆಗಲೇ ಮೋಟಾರಣ್ಣನ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲೇ ಇತ್ತು. "ಹಲೋ, ಮೋಟಾರಣ್ಣ ಅಲ್ವಾ?"

"ಹೂಂ, ಮೋಟಾರಣ್ಣನೇ, ಹೇಳಿ."

ಹೆಂಡತಿ ಪಟ್ಟಿ ಅಕ್ಕನ ಮುಖ ನೋಡಿದಳು. ಕಾಲುವೆಯಾಚೆ ಊರಿನಲ್ಲಿ ಪಂಪು ನಿಂತಿದೆ, ನಾಳೆ ಬೆಳಿಗ್ಗೆ ಬರಬೇಕು ಎಂದು ಕರೆ. ಬರುತ್ತೇನೆಂದು ಹೇಳಿ ಅವನು ಫೋನ್ ಇಟ್ಟ. ಫಾರಂ ವಾಪಸ್ ಕೊಟ್ಟ.

"ನೀನು ಹೇಳಿದ್ದೆಲ್ಲ ಸರಿ ತಂಗಿ. ಆದ್ರೆ ನಂದು ಬೇಸಾಯ ಅಂತ ಮಾತ್ರ ಇರಲಿ."

"ಶನಿವಾರ ಸಂಜೆವರೆಗೂ ತಿದ್ದಬಹುದು ಅಣ್ಣ. ಆಮೇಲೆ ಪಟ್ಟಿ ನನ್ನ ಕೈಲಿರಲ್ಲ." ಅಂದು ಗುರುವಾರ.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಮಾತು ತೆಗೆದಳು. "ಅಂತೆಕಂತೆ ಬಿಡಿ. ನಿಜವಾಗಿ ಏನು ಅಡ್ಡ ಬರ್ತಿದೆ ಹೇಳಿ."

ಅವನು ತಟ್ಟೆ ನೋಡುತ್ತಾ ಹೇಳಿದ. "ರೈತ ಅಂತ ಹೇಳ್ಕೊಂಡು ಮೇಕೆ, ಸಸಿ, ಮೋಟಾರು ಅಂತ ನಾಲ್ಕು ಸಾಲು ತುಂಬಿಸಿದ್ರೆ ಏನರ್ಥ? ಇವನಿಗೆ ಬೇಸಾಯದಲ್ಲಿ ಹೊಟ್ಟೆ ತುಂಬಲಿಲ್ಲ ಅಂತ ತಾನೆ? ಅದನ್ನ ನಾನೇ ಸಹಿ ಹಾಕಿ ಕೊಡ್ಲಾ?"

"ಬದನೆಗೆ ಹುಳ ಬಿದ್ದಾಗ ಏಳು ವಾರ ಹೊಲದಿಂದ ಒಂದು ಬುಟ್ಟಿ ಕಾಯಿ ಬರಲಿಲ್ಲ. ಆಗ ಈ ಮನೇಲಿ ಒಲೆ ಹೇಗೆ ಉರೀತು?"

ಉತ್ತರ ಕೊಟ್ಟವಳು ಅಜ್ಜಿ.

"ನಿಮ್ಮಪ್ಪ ಏನು ಮಾಡ್ತಿದ್ದ ಗೊತ್ತೇನೋ?"

"ಬೇಸಾಯ."

"ನೀನು ಕಂಡ ಹಾಗೆ. ನೀನು ಹುಟ್ಟೋಕೆ ಮುಂಚೆ ಬೇಸಿಗೆ ನಾಲ್ಕು ತಿಂಗಳು ಹಗ್ಗ ಹೊಸೀತಿದ್ದ. ಈ ಊರಲ್ಲಿ ಅವನ ಹಗ್ಗ ಇಲ್ಲದ ಬಾವಿ ಇರಲಿಲ್ಲ. ಮಳೆ ಹಿಡಿದ್ರೆ ಸೋರೋ ಮನೆಗಳ ಹೆಂಚು ಕೈಯಾಡಿಸೋಕೆ ಹೋಗ್ತಿದ್ದ. ನಾನು ಕೋಳಿ ಸಾಕ್ತಿದ್ದೆ. ಇದೇ ಹೊಲ, ಇಷ್ಟೇ ಅಗಲ. ಅವನ ಬೇಸಾಯ ಸೋತಿತು ಅಂತ ಆಗ ಯಾರೂ ಅನ್ನಲಿಲ್ಲ. ಇಷ್ಟಗಲ ಹೊಲ ಇರೋರು ಬದುಕೋದೇ ಹಾಗೆ ಕಣೋ. ಹೊಲ ಕೈಬಿಟ್ಟಾಗ ಹಗ್ಗ ಹಿಡ್ಕೊಳ್ತು, ಹಗ್ಗ ಕೈಬಿಟ್ಟಾಗ ಕೋಳಿ ಹಿಡ್ಕೊಳ್ತು. ಹಾಗಂತ ಹೊಲ ಬಿಟ್ವಾ? ಅವೆಲ್ಲ ಇದ್ದಿದ್ದಕ್ಕೇ ಹೊಲ ಉಳೀತು."

"ಹಗ್ಗದ ವಿಷಯ ನನಗೆ ಯಾರೂ ಹೇಳಲೇ ಇಲ್ಲ."

"ಹೇಳೋದೇನಿತ್ತು? ನಾವೂ ಸುಮ್ನೆ ಅಂತಿದ್ವಿ."

ಶುಕ್ರವಾರ ಬೆಳಿಗ್ಗೆ ಮೋಟಾರಣ್ಣ ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಕಾಲುವೆಯಾಚೆ ಹೋದ. ಪಂಪಿನ ಮನೆಯವನು ಬಾಗಿಲಲ್ಲೇ ಕೂತಿದ್ದ. ಎದ್ದು ಬರಲಿಲ್ಲ. ಹಿಂದೆ ಬಾವಿಯಿದೆ, ಹೋಗಿ ನೋಡಿ ಎಂದು ಕೈ ತೋರಿಸಿದ.

ಬಾವಿಗೆ ಹೋಗುವ ದಾರಿ ಕೊಟ್ಟಿಗೆಯ ಪಕ್ಕದಲ್ಲಿತ್ತು. ಒಂದು ಮೇಕೆ ಗೋಡೆಗೆ ಒರಗಿ ನಿಂತಿತ್ತು. ಮೂಗಿನ ಸುತ್ತ ಸಿಂಬಳ ಒಣಗಿ ಹೊಳ್ಳೆ ಮುಚ್ಚಿ, ಬಾಯಲ್ಲಿ ಉಸಿರು ಬಿಡುತ್ತಿತ್ತು. ಎರಡು ಮಲಗಿದ್ದವು, ಏಳುವ ಹಾಗಿರಲಿಲ್ಲ. ಹಿತ್ತಲಲ್ಲಿ ಹೊಸದಾಗಿ ಮಣ್ಣು ಮುಚ್ಚಿದ ಒಂದು ದೊಡ್ಡ ಗುಂಡಿ. ಇನ್ನೊಂದು ಅರ್ಧ ತೋಡಿತ್ತು, ಗುದ್ದಲಿ ಅದರಲ್ಲೇ ಇತ್ತು.

"ಎಷ್ಟಿದ್ದವು?" ಎಂದು ಬಾಗಿಲಿಗೆ ಹಿಂತಿರುಗಿ ಮನೆಯವನನ್ನು ಕೇಳಿದ ಮೋಟಾರಣ್ಣ.

"ಹದಿನಾಲ್ಕು. ನಿನ್ನೆ ಸಂಜೆಗೆ ಆರು ಹೋದವು."

"ಡಾಕ್ಟರಿಗೆ ಹೇಳಿದ್ರಾ?"

"ಬಂದಿದ್ರು. ಔಷಧಿ ಕೊಟ್ಟಿದ್ದಾರೆ. ಬದುಕಿದ್ರೆ ಬದುಕ್ತವೆ ಅಂದ್ರು. ನಿಮಗೆ ಲಸಿಕೆ ಬಂದಿರಲಿಲ್ವಾ ಅಂತ ಕೇಳಿದ್ರು." ಅವನು ಕೊಟ್ಟಿಗೆಯ ಕಡೆ ತಿರುಗಿದ. "ಬಂದಿತ್ತು. ನಮ್ಮನೆಗೆ ಬರಲಿಲ್ಲ. ಪಟ್ಟೀಲಿ ನಮ್ಮನೇಲಿ ಮೇಕೆನೇ ಇಲ್ಲ."

"ಏನು ಬರೆಸಿದ್ರಿ?"

"ಎಲ್ಲರೂ ಬರೆಸಿದ್ದೇ. ಬೇಸಾಯ."

ಪಂಪಿನಲ್ಲಿ ದೊಡ್ಡ ದೋಷವೇನೂ ಇರಲಿಲ್ಲ, ಒಂದು ವೈರು ಸುಟ್ಟಿತ್ತು. ಅದನ್ನು ಬದಲಾಯಿಸಿ, ನೀರು ಬಂದದ್ದು ನೋಡಿ, ಮೋಟಾರಣ್ಣ ಮಧ್ಯಾಹ್ನಕ್ಕೆ ಮನೆ ಸೇರಿದ. ಗೇಟಿನ ಹೊರಗಿಂದಲೇ ಹೆಂಡತಿಯನ್ನು ಕೂಗಿ ಕಂಡದ್ದನ್ನು ಹೇಳಿದ.

ಅವಳು ಒಳಗೆ ಬಿಡಲಿಲ್ಲ. "ಅಲ್ಲೇ ನಿಲ್ಲಿ. ಚಪ್ಪಲಿ ಅಲ್ಲೇ ಬಿಡಿ. ಸೋಪು, ನೀರು ತರ್ತೀನಿ, ಕೈಕಾಲು ತೊಳೀರಿ. ಬಟ್ಟೆ ಬದಲಾಯಿಸೋವರೆಗೂ ಕೊಟ್ಟಿಗೆ ಕಡೆ ಹೋಗಬೇಡಿ." ಬಕೆಟ್ ತಂದಿಟ್ಟಳು. ಅವತ್ತಿನಿಂದ ಮೇಕೆಗಳನ್ನು ಕಾಲುವೆ ದಂಡೆಗೆ ಬಿಡಲಿಲ್ಲ. ಆಚೆ ಊರಿನ ಮೇಕೆಗಳೂ ಅಲ್ಲಿಗೇ ಬರುತ್ತವೆ.

ಅವನು ಸ್ನಾನ ಮಾಡಿ ಬಂದು ಊಟಕ್ಕೂ ಕೂರಲಿಲ್ಲ. "ನಡಿ, ಪಟ್ಟಿ ಅಕ್ಕನ ಮನೆಗೆ ಹೋಗೋಣ. ಅಮ್ಮ, ನೀನೂ ಬಾ."

"ನಾನ್ಯಾಕೋ?"

"ನಿನ್ನ ಸಾಲು ನೀನೇ ಹೇಳು. ನನಗೆ ಹೇಳೋಕೆ ಬರಲ್ಲ ಅಂತ ಗೊತ್ತಾಯ್ತಲ್ಲ."

ಪಟ್ಟಿ ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಇದ್ದಳು. ಮೂವರನ್ನು ಒಟ್ಟಿಗೆ ಕಂಡು ಬಟ್ಟೆ ಪಕ್ಕಕ್ಕಿಟ್ಟು ಫಾರಂ ತೆಗೆದಳು. ಮೊದಲು ಹೆಂಡತಿ ಕೂತಳು.

"ಮೇಕೆ ಒಂಬತ್ತು. ಏಳು ದೊಡ್ಡವು, ಎರಡು ಮರಿ. ಸಾಕೋಳು ನಾನು, ನನ್ನ ಹೆಸರು ಬರಿ. ಬದನೆ ಹೊಲದಲ್ಲೂ ನಾನು ದುಡೀತೀನಿ, ಅಲ್ಲೂ ನನ್ನ ಹೆಸರು ಸೇರಿಸು."

"ಬೇಸಾಯಕ್ಕೆ ಇಬ್ಬರ ಹೆಸರು ಹಾಕಬಹುದಾ?" ಎಂದ ಮೋಟಾರಣ್ಣ.

"ಹಾಕಬಹುದು ಅಣ್ಣ. ಯಾರೂ ಹಾಕಿಸಲ್ಲ, ಅಷ್ಟೇ."

ಅಜ್ಜಿ ಹೇಳಿದ್ದು ಚಿಕ್ಕದು. "ಸಸಿ. ಒಂದು ಸಲಕ್ಕೆ ನಲವತ್ತು ಟ್ರೇ. ವರ್ಷಕ್ಕೆ ನಾಲ್ಕು ಸಲ. ಬಿಸಿಲಿಗೆ ಕಟ್ಟೋಕೆ ನೆರಳಿನ ಬಲೆ ಬೇಕು ಅಂತ ಎಲ್ಲಿ ಬರೀಬೇಕೋ ಅಲ್ಲಿ ಬರಿ."

"ಅದಕ್ಕೆ ಈ ಫಾರಂನಲ್ಲಿ ಜಾಗ ಇಲ್ಲ ಅಜ್ಜಿ. ಆದ್ರೆ ಸಸಿ ಬೆಳೆಸೋರ ತರಬೇತಿಗೆ ಹೆಸರು ಕರೆಯೋದು ಈ ಸಾಲು ನೋಡಿಯೇ. ಅಲ್ಲಿ ಕೇಳಿ."

"ಕೇಳ್ತೀನಿ. ಬಾಯಿ ಇನ್ನೂ ಗಟ್ಟಿಯಾಗಿದೆ."

ಕೊನೆಗೆ ಮೋಟಾರಣ್ಣನ ಸರದಿ. ಪಟ್ಟಿ ಅಕ್ಕ ಪೆನ್ನು ಹಿಡಿದು ಕಾದಳು. ಅವನು ಗಂಟಲು ಸರಿಮಾಡಿಕೊಂಡ.

"ಮುಖ್ಯ ಕಸುಬು ಬೇಸಾಯ. ಕೆಳಗೆ ಬರಿ. ಪಂಪು, ಮೋಟಾರು ರಿಪೇರಿ. ಹನ್ನೆರಡು ವರ್ಷದಿಂದ." ಆಮೇಲೆ ಕೇಳಿದ, "ಟೀ ಅಂಗಡಿಯೋರದ್ದು ಬರೆದಾಯ್ತಾ?"

"ಅವರೂ ಬೇಸಾಯ ಅಷ್ಟೇ ಅಂದಿದ್ದಾರೆ."

"ಟೀ ಯಾರು ಕಾಯಿಸ್ತಾರಂತೆ?"

"ಸುಮ್ನೆ ಕಾಯುತ್ತಂತೆ," ಎಂದಳು ಅಜ್ಜಿ.

ಮೋಟಾರಣ್ಣ ಅಲ್ಲಿಂದ ನೇರ ಟೀ ಅಂಗಡಿಗೆ ಹೋದ. ಕಾಲುವೆಯಾಚೆಯ ಹಿತ್ತಲಿನಲ್ಲಿ ಕಂಡ ಎರಡು ಗುಂಡಿಗಳ ಬಗ್ಗೆ ಹೇಳಿದ. ಹೆಚ್ಚಿನದೇನೂ ಹೇಳಲಿಲ್ಲ. ಟೀ ಅಂಗಡಿಯವರ ಮನೆಯಲ್ಲೂ ಐದು ಮೇಕೆ ಇದ್ದವು. ಶನಿವಾರ ಬೆಳಿಗ್ಗೆಯಿಂದ ಪಟ್ಟಿ ಅಕ್ಕನ ಮನೆಯ ಮುಂದೆ ಜನ ಸೇರಿದರು. ಸಂಜೆಗೆ ಫಾರಂ ಕಟ್ಟುವಾಗ ಆ ಬೀದಿಯ ಮೇಕೆಗಳ ಸಂಖ್ಯೆ ಎಪ್ಪತ್ತೊಂದಾಗಿತ್ತು. ಅದೇ ಹಾಳೆಗಳಲ್ಲಿ ಒಬ್ಬ ಜೇನು ಸಾಕುವವ, ಇಬ್ಬರು ಗಾರೆ ಕೆಲಸದವರು, ಬುಟ್ಟಿ ಹೆಣೆಯುವ ನಾಲ್ಕು ಹೆಂಗಸರು, ಒಬ್ಬ ಬಾಡಿಗೆ ಟ್ರ್ಯಾಕ್ಟರ್ ಚಾಲಕ ಇದ್ದರು. ಇವರಿಗೆಲ್ಲ ಹೊಲವಿದೆ. ಎಲ್ಲರೂ ರೈತರೇ.

ಪಟ್ಟಿ ಅಕ್ಕ ಕಾಲುವೆಯಾಚೆಯ ರೋಗದ ಸುದ್ದಿಯನ್ನೂ ಪಟ್ಟಿಯ ಜೊತೆ ಆಫೀಸಿಗೆ ತಿಳಿಸಿದಳು. ಲಸಿಕೆಯ ವ್ಯಾನು ಮುಂದಿನ ಬುಧವಾರ ಬಂತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಪ್ಪತ್ತೈದು ಡೋಸಿನ ಮೂರು ಬಾಟಲಿ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಲಸಿಕೆಯನ್ನು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಮೇಕೆಗಳೆಲ್ಲ ಮೊದಲೇ ಹಗ್ಗ ಕಟ್ಟಿಸಿಕೊಂಡು ಸಾಲಾಗಿ ನಿಂತಿದ್ದವು. ಮೋಟಾರಣ್ಣ ತಮ್ಮ ಮನೆಯ ಮೇಕೆಗಳನ್ನು ಒಂದೊಂದಾಗಿ ಕಾಲುಗಳ ನಡುವೆ ಒತ್ತಿ ಹಿಡಿದ. ಹೆಂಡತಿ ಕಿವಿಯ ಗುರುತು ಹೇಳುತ್ತಾ ಹೋದಳು. ಏಳಕ್ಕೆ ಸೂಜಿ ಬಿತ್ತು. ಮರಿಗಳಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

"ಇವುಗಳಿಗೆ ಈಗ ಬೇಡಮ್ಮ," ಎಂದರು ಲಸಿಕೆ ಹಾಕುವವರು. "ನಾಲ್ಕು ತಿಂಗಳಾಗಲಿ, ದನದ ಆಸ್ಪತ್ರೆಗೆ ಹಿಡ್ಕೊಂಡು ಬನ್ನಿ. ಉಳಿದವಕ್ಕೂ ಲಸಿಕೆ ಕೆಲಸ ಮಾಡೋಕೆ ಎರಡು ವಾರ ಬೇಕು. ಅಲ್ಲಿವರೆಗೂ ಹೊರಗಿನ ಮೇಕೆಗಳ ಜೊತೆ ಸೇರಿಸಬೇಡಿ."

"ಮರೆತು ಹೋದ್ರೆ?"

"ಮರೆಯಲ್ಲ. ನಿಮ್ಮ ಹೆಸರಿನ ಮುಂದೆ ಎರಡು ಮರಿ ಬಾಕಿ ಅಂತ ಬರೆದಿದ್ದೀನಿ. ಫೋನ್ ಮಾಡ್ತೀವಿ."

"ಯಾರಿಗೆ ಮಾಡ್ತೀರಿ?" ಎಂದು ಅವಳು ಕೇಳಿದಳು.

ಅವರು ಹಾಳೆ ನೋಡಿದರು. "ನಿಮಗೇ. ಮೇಕೆ ಸಾಕೋರು ನೀವು ತಾನೆ?"

ಆ ಬೀದಿಗೆ ಈ ವರ್ಷ ರೋಗ ಬರಲಿಲ್ಲ. ಲಸಿಕೆ ಇಲ್ಲದಿದ್ದರೆ ಬಂದೇ ಬರುತ್ತಿತ್ತು ಎಂದು ಖಚಿತವಾಗಿ ಹೇಳಲು ಯಾರಿಗೂ ಆಗದು. ಕಾಲುವೆಯಾಚೆ ಮನೆಯ ಹದಿನಾಲ್ಕರಲ್ಲಿ ಉಳಿದದ್ದು ಮೂರು ಎಂಬುದು ಖಚಿತ.

ಇದನ್ನು ಓದುತ್ತಿರುವವರಲ್ಲಿ, ಓದಿಸಿ ಕೇಳುತ್ತಿರುವವರಲ್ಲಿ ಒಂದು ಮಾತು. ನಿಮ್ಮ ಬಾಗಿಲಿಗೂ ಒಂದು ದಿನ ಪಟ್ಟಿ ಹಿಡಿದು ಯಾರಾದರೂ ಬರುತ್ತಾರೆ. ಬಂದವರ ಗುರುತಿನ ಚೀಟಿ ನೋಡಿ, ಯಾವ ಪಟ್ಟಿ, ಯಾತಕ್ಕೆ ಎಂದು ಕೇಳಿ ತಿಳಿದುಕೊಳ್ಳಿ. ಆಮೇಲೆ ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ, ಹೋದ ಬೇಸಿಗೆಯಲ್ಲಿ, ಹೋದ ಮಳೆಗಾಲದಲ್ಲಿ ನಿಮ್ಮ ಮನೆಯವರ ಕೈಗಳು ಏನೇನು ಮಾಡಿದವು ಎಂದು ನೆನಪು ಮಾಡಿಕೊಳ್ಳಿ. ಹೊಲದ ಜೊತೆ ಕೊಟ್ಟಿಗೆಯಿದೆಯೇ, ಹೊಲಿಗೆಯಿದೆಯೇ, ಕೂಲಿಯಿದೆಯೇ, ರಿಪೇರಿಯಿದೆಯೇ, ಎಲ್ಲವನ್ನೂ ಬರೆಸಿ. ಇದ್ದಷ್ಟೇ ಹೇಳಿ, ಇಲ್ಲದ್ದನ್ನು ಸೇರಿಸಬೇಡಿ. ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಮತ್ತು ಬಾಗಿಲಲ್ಲಿ ಒಬ್ಬರೇ ನಿಂತು ಎಲ್ಲರ ಪರವಾಗಿ ಉತ್ತರ ಕೊಡಬೇಡಿ. ಅಡುಗೆಮನೆಯಲ್ಲಿರುವವರನ್ನು ಕರೆಯಿರಿ. ಹಿತ್ತಲಲ್ಲಿರುವವರನ್ನು ಕರೆಯಿರಿ. ಅವರವರ ಕೆಲಸವನ್ನು ಅವರವರೇ ಹೇಳಲಿ.